ಮಹಾವೀರಾಚಾರ್ಯರ ಕಲಾಸವರ್ಣ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲವು (ಕ್ರಿ.ಶ. 814–878) ಜೈನ ವಾಙ್ಮಯಕ್ಕೆ ಸುವರ್ಣಯುಗವಾಗಿತ್ತು. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರ ಹೆಸರನ್ನು ಕೇಳದ ಶ್ರಾವಕರು ವಿರಳ. ಆದರೆ ಅದೇ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರ ಹೆಸರು ಅಷ್ಟು ಪರಿಚಿತವಲ್ಲ. ಗ್ರಂಥಾರಂಭದಲ್ಲಿ ಜಿನೇಂದ್ರನಿಗೆ ವಂದಿಸಿ, ಅಮೋಘವರ್ಷನನ್ನು ಸ್ತುತಿಸಿ, ಲೌಕಿಕ, ವೈದಿಕ, ಸಾಮಾಯಿಕ ವ್ಯಾಪಾರಗಳೆಲ್ಲಕ್ಕೂ ಗಣಿತವು ಅವಶ್ಯವೆಂದು ಆಚಾರ್ಯರು ಸಾರಿದ್ದಾರೆ.

ಈ ಗ್ರಂಥದಲ್ಲಿ ಭಿನ್ನರಾಶಿಗಳಿಗೆ ಮೀಸಲಾದ ಪ್ರಕರಣವೇ ‘ಕಲಾಸವರ್ಣ ವ್ಯವಹಾರ’. ಕಲೆಯೆಂದರೆ ಅಂಶ, ಬೇರೆ ಬೇರೆ ಛೇದಗಳುಳ್ಳ ಅಂಶಗಳನ್ನು ಒಂದೇ ಛೇದಕ್ಕೆ ತರುವುದೇ ಸವರ್ಣ. ಅಲ್ಲಿಯ ಒಂದು ಲೆಕ್ಕ ಹೀಗಿದೆ: ಶ್ರಾವಕನೊಬ್ಬನು ಜಿನಪೂಜೆಗಾಗಿ ನೇರಳೆ, ನಿಂಬೆ, ಕಿತ್ತಳೆ, ತೆಂಗು, ಬಾಳೆ, ಮಾವು, ದಾಳಿಂಬೆ ಫಲಗಳನ್ನು ಕ್ರಮವಾಗಿ ಒಂದು ಹೊನ್ನಿನ 1/2, 1/6, 1/12, 1/20, 1/30, 1/24, 1/8 ಭಾಗಗಳಿಗೆ ಕೊಂಡನು. ಒಟ್ಟು ಎಷ್ಟಾಯಿತು?

ಏಳು ಛೇದಗಳನ್ನೂ ಒಂದರೊಡನೊಂದು ಗುಣಿಸುತ್ತ ಹೋದರೆ 1,65,88,800 ಎಂಬ ಬೃಹತ್ಸಂಖ್ಯೆ ಬರುತ್ತದೆ. ಆಚಾರ್ಯರು ತೋರಿದ ಮಾರ್ಗ ಸುಲಭವಾದುದು. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ, ಅವುಗಳಿಂದ ಭಾಗಿಸಿದಾಗ ದೊರೆಯುವ ಲಬ್ಧಗಳನ್ನೂ ಗುಣಿಸಿದರೆ ಬರುವ ಸಂಖ್ಯೆಗೆ ಅವರು ‘ನಿರುದ್ಧ’ವೆಂದು ಹೆಸರಿಟ್ಟರು. ಇಂದು ಶಾಲೆಯ ಮಕ್ಕಳು ಕಲಿಯುವ ಲಘುತಮ ಸಾಮಾನ್ಯ ಅಪವರ್ತ್ಯವು ಇದೇ. ಇಲ್ಲಿ ನಿರುದ್ಧವು 120. ಆಗ ಅಂಶಗಳು ಕ್ರಮವಾಗಿ 60, 20, 10, 6, 4, 5, 15 ಆಗುತ್ತವೆ. ಕೂಡಿದರೆ 120, ಅಂದರೆ ಸರಿಯಾಗಿ ಒಂದು ಹೊನ್ನು. ಶ್ರಾವಕನ ಹೊನ್ನು ಲೇಶವೂ ಉಳಿಯದಂತೆ ಪೂಜೆಗೆ ಸಂದಿತು.

ಮಾರುಕಟ್ಟೆಯ ಕ್ರಯ, ಪಾಲುದಾರಿಕೆ, ಬಡ್ಡಿ, ಚಿನ್ನದ ಬಣ್ಣ, ಹೊಲದ ಅಳತೆ ಮುಂತಾದ ನಿತ್ಯವ್ಯವಹಾರಗಳೆಲ್ಲ ಈ ಗ್ರಂಥದಲ್ಲಿ ಲೆಕ್ಕಗಳಾಗಿವೆ. ವಣಿಜನ ತಕ್ಕಡಿಗೂ ದಾನಿಯ ಕಾಣಿಕೆಗೂ ನಿಖರತೆಯೊಂದೇ ಆಧಾರ. ಅಚೌರ್ಯವನ್ನು ಅಣುವ್ರತವಾಗಿ ಸ್ವೀಕರಿಸಿದ ಗೃಹಸ್ಥನಿಗೆ ಅಳತೆ ತೂಕಗಳಲ್ಲಿ ಮೋಸವು ಅತಿಚಾರವೆಂಬುದನ್ನು ನೆನೆದಾಗ ಭಿನ್ನರಾಶಿಗಳ ಸಂಕಲನಕ್ಕೂ ಒಂದು ನೈತಿಕ ಗೌರವವು ಪ್ರಾಪ್ತವಾಗುತ್ತದೆ.

ಮುಂದೆ 12ನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ರಚಿಸಿ ಗಣಿತವಿದ್ಯೆಯನ್ನು ಕನ್ನಡಕ್ಕೆ ತಂದನು. ಗಣಿತಸಾರಸಂಗ್ರಹವು 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಮುದ್ರಣಗೊಂಡಿತು. ಆ ಮುದ್ರಣಕ್ಕೆ ಆಧಾರವಾದ ಹಸ್ತಪ್ರತಿಗಳಲ್ಲಿ ಮೂಡುಬಿದಿರೆಯಿಂದ ದೊರೆತುದೂ ಒಂದು. ಶತಮಾನಗಳುದ್ದಕ್ಕೂ ಪ್ರತಿಮಾಡಿ ಕಾಪಾಡಿದ ಅಜ್ಞಾತ ಲಿಪಿಕಾರರ ಹಾಗೂ ಶಾಸ್ತ್ರದಾನಿಗಳ ಸೇವೆಯಿಂದಲೇ ಆ ಶ್ರಾವಕನ ಒಂದು ಹೊನ್ನಿನ ಲೆಕ್ಕವು ನಮ್ಮ ಕಾಲದವರೆಗೂ ಉಳಿದುಬಂದಿದೆ.