ಮೊದಲ ಕೋವಿ ಯಾರ ಕೈಗೆ?

ಬೇಟೆ ಕಲಿಯೋ ಹುಡುಗನಿಗೆ ಮೊದಲು ಎಂಥ ಕೋವಿ ಕೊಡಬೇಕು? ಶಿಕಾರಿ ಬಲ್ಲವರ ನಡುವೆ ಇದು ಹಳೇ ಪ್ರಶ್ನೆ. ಉತ್ತರವೂ ಹೆಚ್ಚುಕಮ್ಮಿ ಒಂದೇ. ಹಗುರವಾದದ್ದು ಕೊಡಿ, ಹಿಂದಕ್ಕೆ ಒದೆಯದಂಥದ್ದು ಕೊಡಿ. .22 ರೈಫಲ್ಲಾದರೆ ಒಳ್ಳೆಯದು. ಅದರ ಸದ್ದು ಕಡಿಮೆ, ಹೆಗಲಿಗೆ ಪೆಟ್ಟು ಕಡಿಮೆ, ತೋಟೆಯ ಬೆಲೆಯೂ ಕಡಿಮೆ. ಹೆಗಲಿಗೆ ಕೊಡುವ ಮರದ ಹಿಡಿ ಹುಡುಗನ ತೋಳಿನ ಅಳತೆಗಿರಲಿ. ಒಂದು ಸಲಕ್ಕೆ ಒಂದೇ ತೋಟೆ ಹಾಕುವಂಥದ್ದಾದರೆ ಇನ್ನೂ ವಾಸಿ. ಎರಡನೇ ಈಡು ಇದೆ ಅನ್ನೋ ಧೈರ್ಯ ಇದ್ದವನು ಮೊದಲನೇದನ್ನು ಗುರಿಯಿಟ್ಟು ಹೊಡೆಯೋದಿಲ್ಲ. ದೊಡ್ಡ ಕೋವಿ ಕೊಟ್ಟರೆ ಹುಡುಗ ಕುದುರೆ ಎಳೆಯೋ ಮೊದಲೇ ಕಣ್ಣು ಮುಚ್ಚುತ್ತಾನೆ. ಆಮೇಲೆ ಆ ಅಂಜಿಕೆ ಬಿಡಿಸೋದು ಕಷ್ಟ.

ಇದೆಲ್ಲ ಸರಿಯಾದ ಮಾತೇ. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾರೂ ಕೇಳಿಲ್ಲ. ಆರಿಸಿಕೊಳ್ಳುವ ಆ ಹುಡುಗ ಯಾರು? ಯಾರ ಮಗ? ಕೋವಿಗೆ ನಳಿಗೆ ಇದ್ದ ಹಾಗೆ ಜಾತಿಯೂ ಇದೆ, ಕಾನೂನೂ ಇದೆ, ಜಮೀನಿನ ಪಹಣಿಯೂ ಇದೆ. ಈ ಮೂರೂ ಕೂಡಿ ಆರಿಸಿದ ಮೇಲೆ ಉಳಿದದ್ದನ್ನಷ್ಟೇ ಹುಡುಗ ಆರಿಸಿದ್ದು.

ಜಿಮ್ ಕಾರ್ಬೆಟ್ಟನ ಹೆಸರು ಎಲ್ಲರಿಗೂ ಗೊತ್ತು. 1875ರಲ್ಲಿ ನೈನಿತಾಲಿನಲ್ಲಿ ಹುಟ್ಟಿದವನು. 1953ರಲ್ಲಿ ಬಂದ 'ಜಂಗಲ್ ಲೋರ್' ಎಂಬ ಪುಸ್ತಕದಲ್ಲಿ ತನ್ನ ಮೊದಲ ಕೋವಿಯ ಕತೆ ಹೇಳಿದ್ದಾನೆ. ಅದು ಬಾಯಿಂದ ಮದ್ದು ತುಂಬುವ ಜೋಡಿ ನಳಿಗೆಯ ಕೋವಿ. ಒಂದು ನಳಿಗೆ ಸೀಳಿತ್ತು. ಹಿತ್ತಾಳೆ ತಂತಿ ಸುತ್ತಿ ಹಿಡಿಗೂ ನಳಿಗೆಗೂ ಬಿಗಿದಿದ್ದರು. ಇಂಥ ಮುರುಕಲು ಕೋವಿ ಹಿಡಿದು ಚಿಕ್ಕ ಹುಡುಗನೊಬ್ಬ ಕಾಡಿಗೆ ಹೋದ. ಆಮೇಲೆ ಶಾಲೆಯ ಕೆಡೆಟ್ ದಳದಿಂದ ಮಾರ್ಟಿನಿ ರೈಫಲ್ಲು ಎರವಲು ಸಿಕ್ಕಿತು. ಅದರಲ್ಲೇ ಮೊದಲ ಚಿರತೆ ಹೊಡೆದ. ಹುಡುಗ ಗಟ್ಟಿಗ, ಕಾಡಿನ ಬಗ್ಗೆ ಪ್ರೀತಿ ಇದ್ದವನು. ಇದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಅವನ ಕೈಯಲ್ಲಿ ಕೋವಿ ಕಂಡಾಗ ಯಾವ ಪೋಲೀಸಿನವನೂ ತಡೆದು ಕೇಳುವ ಹಾಗಿರಲಿಲ್ಲ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ನನ ಕಾಲದಲ್ಲಿ ಬಂದ ಶಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಈ ದೇಶದವರಿಗೆ ಲೈಸೆನ್ಸು ಬೇಕು. ಬಿಳಿಯರಿಗೆ ಬೇಡ. ಅವರ ಹುಡುಗನ ಮುರುಕಲು ಕೋವಿಯೂ ಕಾನೂನಿನ ಕೋವಿ. ನಮ್ಮ ಹುಡುಗನ ಕೈಲಿದ್ದರೆ ಅದೇ ಕೋವಿ ಕೇಸು.

ಈ ಕತೆ 1878ಕ್ಕೇ ಶುರುವಾದದ್ದಲ್ಲ. ನಮ್ಮ ನಾಡಿನಲ್ಲೇ ಅದಕ್ಕೆ ಇಪ್ಪತ್ತೊಂದು ವರ್ಷ ಹಿಂದೆ ರಕ್ತ ಬಿದ್ದಿತ್ತು. 1857ರ ದಂಗೆ ಕಂಡು ಬೆದರಿದ ಕಂಪನಿ ಸರ್ಕಾರ, ಜನ ತಮ್ಮ ಹತಾರ ತಂದು ಒಪ್ಪಿಸಬೇಕು ಅಂತ ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಯಾಕೆ ಒಪ್ಪಬೇಕು? ಬೇಡನಿಗೆ ಹತಾರವೆಂದರೆ ಗೋಡೆಗೆ ನೇತುಹಾಕುವ ಶೋಕಿಯಲ್ಲ. ಅದು ಅವನ ಅನ್ನ, ಅವನ ಕಾವಲು, ಊರಲ್ಲಿ ಅವನಿಗಿದ್ದ ಮರ್ಯಾದೆ. ನವೆಂಬರ್ ಕೊನೆಗೆ ದಂಡು ಬಂತು. ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು, ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಅವರದೇ ಊರಲ್ಲಿ. ಜಡಗ, ಬಾಲರ ಹೆಸರು ಲಾವಣಿ ಹಾಡುವವರ ಬಾಯಲ್ಲಿ ಉಳಿಯಿತು. ಆ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಹತಾರ ಕಿತ್ತುಕೊಂಡವರೇ ಹಾಡನ್ನು ಕಾಪಿಟ್ಟರು! ಏಕಲವ್ಯನ ಹೆಬ್ಬೆರಳು ಕೇಳಿದ್ದು ಪುರಾಣ ಅಂತಾರೆ. ಹಲಗಲಿ ಪುರಾಣವಲ್ಲ, ಇಸವಿ ಇರುವ ಚರಿತ್ರೆ.

ಅದೇ ಕಾಯ್ದೆ ಕೊಡಗಿನಲ್ಲಿ ಬೇರೆ ಮುಖ ತೋರಿಸಿತು. ಹಲಗಲಿ ಸುಟ್ಟು ನಾಲ್ಕು ವರ್ಷ ತುಂಬಿರಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ನಿಷ್ಠೆಗೆ ಮೆಚ್ಚಿ, ಕೊಡವರನ್ನು ಆ ಕಾಯ್ದೆಯಿಂದ ಹೊರಗಿಟ್ಟ. ವಿನಾಯಿತಿ ಮುಂದೆ ಕೊಡವರಿಗೂ ಜಮ್ಮಾ ಭೂಮಿ ಉಳ್ಳವರಿಗೂ ನಡೆದು ಬಂತು. ಸ್ವಾತಂತ್ರ್ಯ ಬಂದ ಮೇಲೂ ನಿಲ್ಲಲಿಲ್ಲ. 2019ರ ಕೇಂದ್ರ ಸರ್ಕಾರದ ಆದೇಶದಂತೆ ಅದರ ಅವಧಿ 2029ರ ಅಕ್ಟೋಬರ್‌ವರೆಗೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಇದನ್ನು ಎತ್ತಿಹಿಡಿಯಿತು.

ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು ಹಾರಿಸುವ ಪದ್ಧತಿ. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲುಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಚೆಂದದ ಪದ್ಧತಿ, ಯಾವ ಜನರ ಪದ್ಧತಿಯನ್ನೂ ನಾವು ಹೀಯಾಳಿಸೋದಿಲ್ಲ. ಆದರೆ ಅದೇ ಗದ್ದೆಗಳಲ್ಲಿ ಹೊಲೆಯರು, ಎರವರು ಜೀತದ ಆಳಾಗಿ ದುಡಿದರು. ಅವರ ಕೂಸು ಹುಟ್ಟಿದಾಗ ಯಾವ ಅಂಗಳದಲ್ಲಿ ಈಡು ಹಾರಿತು? ಹಲಗಲಿಯ ಬೇಡನಿಗೆ ನೇಣು, ಜಮ್ಮಾ ಒಡೆಯನಿಗೆ ವಿನಾಯಿತಿ, ಎರವನಿಗೆ ಗುದ್ದಲಿ. ಒಂದೇ ಸರ್ಕಾರದ ಆಳ್ವಿಕೆಯಲ್ಲಿ ಮೂವರು ಹುಡುಗರ ಪಾಲಿಗೆ ಬಂದದ್ದು ಇದು.

ಈಗ ನಮ್ಮ ಮಲೆನಾಡಿಗೆ ಬರೋಣ. ಇಲ್ಲಿ ಬೇಟೆ ಅಂದರೆ ಎರಡು ಕೆಲಸ. ಒಂದು, ಬಿಲ್ಲಿಗೆ ನಿಲ್ಲೋದು. ಅಂದರೆ ಮೃಗ ಓಡಿಬರುವ ದಾರಿಯಲ್ಲಿ ಕೋವಿ ಹಿಡಿದು ಕಾಯೋದು. ಇನ್ನೊಂದು, ಹಳು ನುಗ್ಗೋದು. ಅಂದರೆ ಮುಳ್ಳುಪೊದೆಯೊಳಗೆ ಕೂಗುತ್ತ, ಬಡಿಯುತ್ತ, ಮೃಗವನ್ನು ಬಿಲ್ಲಿನ ಕಡೆ ಎಬ್ಬಿಸೋದು. ಗೌಡರು, ಹೆಗ್ಗಡೆಯರು ಬಿಲ್ಲಿಗೆ. ಕೇರಿಯವರು, ಒಕ್ಕಲಾಳುಗಳು ಹಳುವಿಗೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರಿಗೆ ಗುತ್ತಿ ನೆನಪಿರಬಹುದು. ಹೊಲೆಯರ ಗುತ್ತಿಗೆ ಜನ ಇಟ್ಟ ಹೆಸರು ನಾಯಿಗುತ್ತಿ. ಅವನ ಹೆಸರಿಗೆ ಅಂಟಿಕೊಂಡದ್ದು ನಾಯಿ, ಕೋವಿಯಲ್ಲ.

ನಮ್ಮಜ್ಜನೂ ಹಳು ನುಗ್ಗಿದವರೇ. ಒಡೆಯರ ಮನೆಯ ಕೇಪಿನ ಕೋವಿ ಸಿದ್ಧ ಮಾಡಿಕೊಡೋದು ಅವರಿಗೆ ಬರುತ್ತಿತ್ತು. ನಳಿಗೆಯ ಬಾಯಿಂದ ಮದ್ದು ಸುರಿಯೋದು, ನಾರು ತುರುಕೋದು, ಗಜದಿಂದ ಜಡಿಯೋದು, ಚರೆ ಹಾಕಿ ಮತ್ತೆ ನಾರು, ಕೊನೆಗೆ ಕೇಪು. ಮದ್ದು ಎಷ್ಟು ಹಾಕಿದರೆ ಕಾಡುಕುರಿಗೆ ಸಾಕು, ಎಷ್ಟು ಹಾಕಿದರೆ ನಳಿಗೆ ಸಿಡೀತದೆ, ಎಲ್ಲ ಕೈಯಳತೆಯಲ್ಲೇ ಗೊತ್ತು. ತುಂಬಿ ಕೊಟ್ಟ ಮೇಲೆ ಕೋವಿ ಒಡೆಯರ ಮಗನ ಕೈಗೆ, ಅಜ್ಜ ಪೊದೆಗೆ. ಒಂದು ಸಲ ಕಲಿಯೋ ಹುಡುಗ ಅಲ್ಲಾಡಿದ ಎಲೆಗೇ ಈಡು ಹೊಡೆದ. ಚರೆ ಅಜ್ಜನ ತೊಡೆಗೆ ಬಿತ್ತು. ಆಸ್ಪತ್ರೆ ಇಲ್ಲ, ಕೇಸಿಲ್ಲ. ಎರಡು ಕೊಳಗ ಭತ್ತ ಅಳೆದು ಕಳಿಸಿದರು. ಒಂದು ಚರೆ ಒಳಗೇ ಉಳಿಯಿತು. ನಾವು ಚಿಕ್ಕವರಿದ್ದಾಗ "ಮುಟ್ಟಿ ನೋಡ್ರೋ" ಅಂತ ತೋರಿಸೋರು. ನಮ್ಮ ಮನೆಯ ಹುಡುಗರಿಗೆ ಕೋವಿಯ ಮೊದಲ ಪಾಠ ಅದೇ.

ಬೇಟೆಯನ್ನೇ ಬದುಕು ಮಾಡಿಕೊಂಡವರ ಕತೆ ಇನ್ನೂ ಘೋರ. 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟು ಕಾಯ್ದೆ, ಹುಟ್ಟನ್ನೇ ಅಪರಾಧ ಮಾಡಿತು. ಉರುಲು, ಬಲೆ ನಂಬಿ ಬದುಕಿದ ಹರಣಶಿಕಾರಿಗಳಂಥ ಜನ ಪೋಲೀಸಿನ ಪಟ್ಟಿ ಸೇರಿದರು. ಇಂಥವರನ್ನು ಕೂಡಿಹಾಕಿದ ಹುಬ್ಬಳ್ಳಿಯ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕಾಯ್ದೆ 1952ರಲ್ಲಿ ರದ್ದಾಯಿತು. ಹೆಸರು ಹೋಗಲಿಲ್ಲ, ಅನುಮಾನವೂ ಹೋಗಲಿಲ್ಲ.

ಸ್ವತಂತ್ರ ಭಾರತ ಏನು ಮಾಡಿತು? 1959ರ ಶಸ್ತ್ರ ಕಾಯ್ದೆ ತಂದಿತು. ಬಿಳಿಯ, ಕರಿಯ ಎಂಬ ಭೇದ ಅದರಲ್ಲಿಲ್ಲ, ನಿಜ. ಆದರೆ ಬಾಯಿಂದ ಮದ್ದು ತುಂಬುವ ಕೋವಿಗೆ ಅದು ಒಪ್ಪುವ ಕಾರಣ ಬೆಳೆ ಕಾಯೋದು. ಬೆಳೆ ಇರಬೇಕಾದರೆ ಭೂಮಿ ಇರಬೇಕು. ಪಹಣಿಯಲ್ಲಿ ಹೆಸರಿಲ್ಲದವನು ಯಾವ ಬೆಳೆ ತೋರಿಸಬೇಕು? ಜಾತಿಯ ಹೆಸರೆತ್ತದೆ ಜಾತಿಯ ಕೆಲಸ ನಡೆಯೋದು ಹೀಗೆ. ಅಂಬೇಡ್ಕರ್ 1936ರಲ್ಲೇ, 'ಜಾತಿ ವಿನಾಶ'ದಲ್ಲಿ, ಚಾತುರ್ವರ್ಣ್ಯವು ಕೆಳಗಿನವರಿಗೆ ಆಯುಧ ನಿರಾಕರಿಸಿ ಅವರು ತಿರುಗಿಬೀಳದ ಹಾಗೆ ಮಾಡಿತು ಎಂದು ವಾದಿಸಿದ್ದರು. ಭೂಮಿ, ಅಕ್ಷರ, ಆಯುಧ ಮೂರೂ ಒಂದೇ ಬೀಗದೊಳಗೆ ಇದ್ದವು.

ಆಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿ ಬೇಟೆಯ ಬಾಗಿಲನ್ನು ಪೂರ್ತಿ ಮುಚ್ಚಿತು. ತರಬೇತಿಯ ವಿನಾಯಿತಿ ಬಿಟ್ಟರೆ ಇವತ್ತು 21 ತುಂಬದವರು ಕೋವಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಪ್ರಾಣಿ ಉಳೀಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹುಲಿಯನ್ನು ಮುಗಿಸಿದವರು ಯಾರು? ರಾಜರು, ದೊರೆಗಳು, ಎಸ್ಟೇಟ್ ಸಾಹೇಬರು. ಅವರು ಹೊಡೆದ ತಲೆಗಳು ಇನ್ನೂ ಬಂಗಲೆಗಳ ಗೋಡೆ ಮೇಲಿವೆ. ಕಾಡು ಬಿಟ್ಟು ಹೋಗಿ ಅನ್ನಿಸಿಕೊಂಡವರು ನಾಗರಹೊಳೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಬೇಟೆ ಒಬ್ಬರದು, ಶಿಕ್ಷೆ ಇನ್ನೊಬ್ಬರದು.

ಗೆಳೆಯರೆ, ನಮ್ಮ ಹುಡುಗರ ಕೈಗೂ ಕೋವಿ ಕೊಡಿ ಅಂತ ಕೇಳೋದಕ್ಕೆ ನಾವು ಇದನ್ನು ಬರೆದಿಲ್ಲ. ಕೋವಿಯ ಕಾಲ ಮುಗಿಯಲಿ. ಆದರೆ ಅದರ ಲೆಕ್ಕ ಮುಗಿದಿಲ್ಲ. ಪಹಣಿಯಲ್ಲಿ ಇಲ್ಲದ ಹೆಸರು ಇನ್ನೂ ಇಲ್ಲ. ಹಳು ನುಗ್ಗಿದವರ ಹೆಸರು ಯಾವ ಶಿಕಾರಿ ಪುಸ್ತಕದ ಕೊನೇ ಪುಟದಲ್ಲೂ ಇಲ್ಲ. ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಚರಿತ್ರೆಯ ಪಾಠದ ದಿನ ಮಕ್ಕಳಿಗೆ ಹೇಳಿ: ಮನೆಗೆ ಹೋಗಿ ಅಜ್ಜಅಜ್ಜಿಯರನ್ನು ಕೇಳಿಕೊಂಡು ಬನ್ನಿ, ನಮ್ಮೋರು ಬಿಲ್ಲಿಗೆ ನಿಂತೋರಾ, ಹಳುವಿಗೆ ಇಳಿದೋರಾ? ಬಂದ ಉತ್ತರವನ್ನು ಹೆಸರು ಸಮೇತ ನೋಟುಬುಕ್ಕಿನಲ್ಲಿ ಬರೆಸಿ. ಅಜ್ಜಂದಿರು ಇರೋ ತನಕ ಮಾತ್ರ ಈ ಕೆಲಸ ಆಗೋದು.