ವಿಭಾಗ ಬದಲಿಸುವ ವೈದ್ಯರು: ಕರ್ನಾಟಕದ ಪಿಜಿ ಸೀಟಿನ ಇತಿಹಾಸ

ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯರು ಒಂದು ವಿಶೇಷ ವಿಭಾಗಕ್ಕೆ ಸೇರಿ, ಅದನ್ನು ಬಿಟ್ಟು ಮತ್ತೊಂದಕ್ಕೆ ಹೋಗಬೇಕಾದರೆ ಕರ್ನಾಟಕದಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ವರ್ಗಾವಣೆಗೆ ಅವಕಾಶವಿಲ್ಲವೆಂದು ಭಾರತೀಯ ವೈದ್ಯಕೀಯ ಪರಿಷತ್ತು 2000ನೇ ಇಸವಿಯ ನಿಯಮಾವಳಿಯಲ್ಲೇ ಹೇಳಿತು. ಹೀಗಾಗಿ ವಿಭಾಗ ಬದಲಿಸುವವರು ಹಳೆಯ ಸೀಟು ಬಿಡಬೇಕು, ಪ್ರವೇಶ ಪರೀಕ್ಷೆಯನ್ನು ಮತ್ತೆ ಬರೆಯಬೇಕು, ಮೊದಲ ವರ್ಷದಿಂದ ಓದಬೇಕು. ಈ ಬಿಗಿ ಒಂದೇ ದಿನದಲ್ಲಿ ಬಂದದ್ದಲ್ಲ.

ಮೈಸೂರು ಸಂಸ್ಥಾನ 1917ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಶಾಲೆಯನ್ನು ತೆರೆದಾಗ ಅಲ್ಲಿಂದ ಹೊರಬರುತ್ತಿದ್ದವರು ಎಲ್.ಎಂ.ಪಿ. ಎಂಬ, ಪದವಿಗಿಂತ ಕೆಳಮಟ್ಟದ ಅರ್ಹತೆ ಪಡೆದ ವೈದ್ಯರು. 1924ರಲ್ಲಿ ಪದವಿ ಕಾಲೇಜು ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಆ ಕಾಲದ ವೈದ್ಯರು ಜ್ವರ ನೋಡುತ್ತಿದ್ದರು, ಹೆರಿಗೆ ಮಾಡಿಸುತ್ತಿದ್ದರು, ಮೂಳೆ ಕೂಡಿಸುತ್ತಿದ್ದರು. ವಿಶೇಷ ತಜ್ಞತೆ ಬೇಕೆಂದವರು ಮದ್ರಾಸಿಗೋ ಬೊಂಬಾಯಿಗೋ ವಿಲಾಯಿತಿಗೋ ಹೋಗಬೇಕಿತ್ತು. ದೇಶದಲ್ಲಿ ಒಂದೇ ಮಟ್ಟದ ವೈದ್ಯ ಪದವಿ ಇರಬೇಕೆಂದು ಭೋರ್ ಸಮಿತಿ 1946ರಲ್ಲಿ ಶಿಫಾರಸು ಮಾಡಿದ ಮೇಲೆ ಎಲ್.ಎಂ.ಪಿ. ಕ್ರಮೇಣ ಮರೆಯಾಯಿತು.

ಸ್ವಾತಂತ್ರ್ಯಾನಂತರ ಕಾಲೇಜುಗಳು ಹೆಚ್ಚಿದವು: ಮಣಿಪಾಲ 1953, ಬೆಂಗಳೂರು 1955, ಹುಬ್ಬಳ್ಳಿ 1957, ಬಳ್ಳಾರಿ 1961, ದಾವಣಗೆರೆ 1965. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಮನೋವೈದ್ಯಕೀಯ ಡಿಪ್ಲೊಮಾ ಆರಂಭಿಸಿತು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಸಾಮಾನ್ಯ ವೈದ್ಯರಾಗಿದ್ದವರು ಮನೋವೈದ್ಯರಾಗಲು ನಾಡಿನೊಳಗೇ ದಾರಿ ತೆರೆದದ್ದು ಹೀಗೆ.

ಆಗಿನ ವ್ಯವಸ್ಥೆಯಲ್ಲಿ ಈಗ ಇಲ್ಲದ ಒಂದು ಅನುಕೂಲವಿತ್ತು. ಎಂ.ಡಿ., ಎಂ.ಎಸ್.ಗಳ 3 ವರ್ಷದ ತರಬೇತಿಯಲ್ಲಿ ಒಂದು ವರ್ಷ ‘ಹೌಸ್ ಜಾಬ್’ ಎಂದು ಲೆಕ್ಕವಾಗುತ್ತಿತ್ತು. ಯುವ ವೈದ್ಯರು ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿ, ಆಪರೇಷನ್ ಥಿಯೇಟರಿನಲ್ಲಿ ತಾಸುಗಟ್ಟಲೆ ನಿಂತು, ಆ ವಿಭಾಗ ತಮಗೆ ಒಗ್ಗುತ್ತದೆಯೇ ಎಂದು ನೋಡಿಕೊಂಡ ಮೇಲೆ ಮುಂದುವರಿಯುತ್ತಿದ್ದರು. ಒಗ್ಗದಿದ್ದರೆ ಕಳೆಯುತ್ತಿದ್ದುದು ಕೆಲವು ತಿಂಗಳು ಮಾತ್ರ. ರೆಸಿಡೆನ್ಸಿ ಪದ್ಧತಿ ಬಂದು ಮೂರೂ ವರ್ಷ ಒಂದೇ ಕೋರ್ಸಾದಾಗ, ಸೀಟು ಹಿಡಿಯುವ ಮೊದಲು ವಿಭಾಗವನ್ನು ಅರಿಯುವ ಈ ಅವಕಾಶ ಹೋಯಿತು.

ಆಯ್ಕೆಯ ವಿಧಾನವೂ ಬದಲಾಯಿತು. ಪ್ರದೀಪ್ ಜೈನ್ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ ಅಖಿಲ ಭಾರತ ಕೋಟಾ ಹುಟ್ಟಿತು. 2003ರಲ್ಲಿ ಅದು ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಶೇ 50ಕ್ಕೆ ಏರಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಬೇರೆ ಬೇರೆ ವಿಶ್ವವಿದ್ಯಾಲಯಗಳಡಿ ಇದ್ದ ವೈದ್ಯಕೀಯ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಪ್ರವೇಶ ಪರೀಕ್ಷೆಯ ರ‍್ಯಾಂಕ್ ಎಲ್ಲವನ್ನೂ ನಿರ್ಧರಿಸತೊಡಗಿತು. ಮಕ್ಕಳ ವೈದ್ಯರಾಗಬೇಕೆಂದಿದ್ದವರು ರ‍್ಯಾಂಕ್ ಸಾಲದೆ ಸಿಕ್ಕಿದ ಸೀಟಿಗೆ ಸೇರುವುದು ಮಾಮೂಲಾಯಿತು.

ಆದರೂ ಎರಡು ಒಳದಾರಿಗಳಿದ್ದವು. ಮೊದಲನೆಯದು ಡಿಪ್ಲೊಮಾ. 2 ವರ್ಷದ ಡಿಪ್ಲೊಮಾ ಮುಗಿಸಿದವರು ಅದೇ ವಿಷಯದಲ್ಲಿ ಎಂ.ಡಿ. ಮಾಡಿದರೆ 2 ವರ್ಷ ಸಾಕಿತ್ತು. ವಿಷಯ ಬದಲಿಸಿದರೆ ಪೂರ್ತಿ 3 ವರ್ಷ ಓದಬೇಕಿತ್ತು. 2019ರ ಸುಮಾರಿಗೆ ಹೆಚ್ಚಿನ ಡಿಪ್ಲೊಮಾ ಸೀಟುಗಳು ಪದವಿ ಸೀಟುಗಳಾಗಿ, ಈ ದಾರಿ ಕಿರಿದಾಯಿತು. ಎರಡನೆಯದು ಸೂಪರ್ ಸ್ಪೆಷಾಲಿಟಿ. ಹೃದ್ರೋಗದ ಡಿ.ಎಂ.ಗೆ ಜನರಲ್ ಮೆಡಿಸಿನ್ ಮಾತ್ರವಲ್ಲದೆ ಮಕ್ಕಳ ವಿಭಾಗದ ಎಂ.ಡಿ. ಮಾಡಿದವರೂ ಅರ್ಹರು. ಹೀಗೆ ಮೊದಲ ಪದವಿಯನ್ನು ಬಿಡದೆಯೇ ದಿಕ್ಕು ಬದಲಿಸಬಹುದು.

2013ರಲ್ಲಿ ಬಂದು ಅದೇ ವರ್ಷ ರದ್ದಾದ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ನೀಟ್, 2016ರ ಕಾನೂನು ತಿದ್ದುಪಡಿಯ ಬಳಿಕ ಮರಳಿತು. 2017ರಿಂದ ಪಿಜಿ ಪ್ರವೇಶಕ್ಕೆ ಅದೇ ಮುಖ್ಯ ಬಾಗಿಲು. ಕೌನ್ಸೆಲಿಂಗ್‌ನ ಕೊನೆಯ ಸುತ್ತಿನ ನಂತರ ಯಾರಾದರೂ ಸೀಟು ಬಿಟ್ಟರೆ ಅದು ಆ ವರ್ಷ ಖಾಲಿಯೇ ಉಳಿಯುತ್ತದೆ, ವಾರ್ಡಿನ ಕೆಲಸ ಉಳಿದವರ ಹೆಗಲಿಗೆ ಬೀಳುತ್ತದೆ. ಇದನ್ನು ತಡೆಯಲೆಂದೇ ರಾಜ್ಯಗಳು ಸೀಟು ಬಿಡುವವರಿಗೆ ದಂಡ ಮತ್ತು ಬಾಂಡ್ ವಿಧಿಸಿದವು. ಬಿಡುವವರು ವಿಭಾಗದ ಮುಖ್ಯಸ್ಥರ ಮೂಲಕ ರಾಜೀನಾಮೆ ಕೊಟ್ಟು, ದಂಡ ಕಟ್ಟಿ, ಕಾಲೇಜಿನಲ್ಲಿ ಒಪ್ಪಿಸಿದ್ದ ಮೂಲ ಅಂಕಪಟ್ಟಿಗಳನ್ನು ಬಿಡಿಸಿಕೊಳ್ಳಬೇಕು. ಅವಿಲ್ಲದೆ ಮುಂದಿನ ಕೌನ್ಸೆಲಿಂಗ್‌ನ ದಾಖಲೆ ಪರಿಶೀಲನೆ ದಾಟುವಂತಿಲ್ಲ. 2024ರ ಜನವರಿಯಲ್ಲಿ, ಪರಿಷತ್ತಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಮುಂದಿಟ್ಟು, ಸೀಟು ಬಿಡುವ ಬಾಂಡನ್ನು ಕೈಬಿಟ್ಟು ಬದಲಿಗೆ ಒಂದು ವರ್ಷ ಪ್ರವೇಶಕ್ಕೆ ತಡೆ ಹಾಕಬಹುದೆಂದು ರಾಜ್ಯಗಳಿಗೆ ಬರೆಯಿತು. ಅದಕ್ಕೂ ಮುನ್ನ, ಸೀಟುಗಳು ಖಾಲಿ ಉಳಿಯುತ್ತವೆಂದು 2023ರಲ್ಲಿ ನೀಟ್‌ನ ಅರ್ಹತಾ ಪರ್ಸೆಂಟೈಲನ್ನೇ ಸೊನ್ನೆಗೆ ಇಳಿಸಲಾಗಿತ್ತು.

ಈ ನಿಯಮಗಳ ಪರಿಣಾಮ ರಾಜಧಾನಿಗಿಂತ ನಾಯಕನಹಟ್ಟಿಯಂಥ ಊರುಗಳಲ್ಲಿ ಹೆಚ್ಚು ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ಈ ಹೋಬಳಿ ವಿಧಾನಸಭೆಯ ಮಟ್ಟಿಗೆ ಮೊಳಕಾಲ್ಮುರು ಕ್ಷೇತ್ರದಲ್ಲಿದೆ. ಮೊಳಕಾಲ್ಮುರಿಗೆ ಬಳ್ಳಾರಿ ನೆರೆಯ ಜಿಲ್ಲೆಯೇ ಆದರೂ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಚಿತ್ರದುರ್ಗ ಜಿಲ್ಲೆಗೆ ಅನ್ವಯಿಸುವುದಿಲ್ಲ. ಅದರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳ ಶೇ 70 ಪ್ರಾದೇಶಿಕ ಮೀಸಲು ಇಲ್ಲಿನ ಅಭ್ಯರ್ಥಿಗಳಿಗೆ ಸಿಗದು. ಮೊಳಕಾಲ್ಮುರನ್ನು ಆ ವಿಧಿಯ ವ್ಯಾಪ್ತಿಗೆ ಸೇರಿಸಬೇಕೆಂಬ ಬೇಡಿಕೆ ಅಲ್ಲಿಯ ಜನರದ್ದು. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸೇವಾನಿರತ ಕೋಟಾ ಇದೆ. ಅದರಲ್ಲಿ ಓದಿದವರು ಮತ್ತೆ ಸರ್ಕಾರಿ ಸೇವೆಗೇ ಮರಳಬೇಕು.

ಇಂಥ ಊರುಗಳಲ್ಲಿ ತಜ್ಞರ ಕೊರತೆಯ ಅರ್ಥ ಹೆರಿಗೆ ಕೋಣೆಯಲ್ಲಿ ಸ್ಪಷ್ಟವಾಗುತ್ತದೆ. ಸಿಸೇರಿಯನ್‌ಗೆ ಪ್ರಸೂತಿ ತಜ್ಞೆ ಸಿದ್ಧರಿದ್ದರೂ ಅರಿವಳಿಕೆ ವೈದ್ಯರಿಲ್ಲದಿದ್ದರೆ ಬಾಣಂತನದ ಹೊಸ್ತಿಲಲ್ಲಿರುವ ಹೆಣ್ಣುಮಗಳು ಆಂಬುಲೆನ್ಸ್ ಏರಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಇದಕ್ಕಾಗಿಯೇ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯಲ್ಲಿ 18 ವಾರ, ತುರ್ತು ಪ್ರಸೂತಿಯಲ್ಲಿ 16 ವಾರ ತರಬೇತಿ ಕೊಡುವ ಯೋಜನೆ ಬಂತು. ವೈದ್ಯರು ಮೂರು ವರ್ಷ ಹೊಸದಾಗಿ ಓದದೆಯೂ ಊರಿಗೆ ಬೇಕಾದ ಕೌಶಲ ಕಲಿಯಬಹುದೆಂದು ಸರ್ಕಾರವೇ ಒಪ್ಪಿದ ನಿದರ್ಶನವಿದು.

ಹಣ ಕೊಟ್ಟು ಬಿಡಿಸಿಕೊಳ್ಳುವ ಬಾಂಡಿಗಿಂತ, ಸೇರುವ ಮೊದಲೇ ವಿಭಾಗವನ್ನು ಹತ್ತಿರದಿಂದ ನೋಡಲು ಹೌಸ್ ಜಾಬ್‌ನಂಥ ಅವಕಾಶವೇ ಸೀಟು ವ್ಯರ್ಥವಾಗುವುದನ್ನು ಹೆಚ್ಚು ತಡೆಯಬಲ್ಲದು. ಒಲ್ಲದ ವಿಭಾಗದಲ್ಲಿ ಕಟ್ಟಿಹಾಕಿದ ವೈದ್ಯರಿಂದ ಕಾಲೇಜಿಗೂ ಲಾಭವಿಲ್ಲ, ರೋಗಿಗೂ ಲಾಭವಿಲ್ಲ. ಅಂಥ ಅವಕಾಶವನ್ನು ಇಂದಿನ ಮೂರು ವರ್ಷದ ಕೋರ್ಸಿಗೆ ಹೊಂದುವಂತೆ ಮತ್ತೆ ರೂಪಿಸುವುದು ವೈದ್ಯಕೀಯ ಆಯೋಗ ಮತ್ತು ರಾಜ್ಯ ಸರ್ಕಾರ ಎರಡರ ಹೊಣೆ.