ಮುಖ ಅಣ್ಣಾವ್ರದು, ದನಿ ಯಾರದು?

ಹಳೇ ಹಾಡು ಶುರುವಾದ್ರೆ ಸಾಕು, ‘ಅಣ್ಣಾವ್ರ ಹಾಡು’ ಅಂತೀವಿ. ಕಣ್ಮುಂದೆ ಬರೋ ಮುಖ ರಾಜ್‌ಕುಮಾರ್ ಅವರದೇ. ಆದರೆ 1960ರ ‘ಭಕ್ತ ಕನಕದಾಸ’ದಲ್ಲಿ ಅವರಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ ತೆಲುಗಿನವರು. ಕನ್ನಡಕ್ಕೆ ನೂರಾರು ಹಾಡು ಕೊಟ್ಟರು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಅದರ ಎಮ್ಮೆ ಹಾಡನ್ನು ರಾಜ್ ತಾವೇ ಹಾಡಿದರು, ಜನ ಮೆಚ್ಚಿದರು. ಅಲ್ಲಿಂದ ಮುಂದೆ ಅವರ ಹೆಚ್ಚಿನ ಚಿತ್ರಗಳಲ್ಲಿ ಮುಖ, ದನಿ ಎರಡೂ ಒಬ್ಬರದೇ. ನಮ್ಮ ನೆನಪು ಹಿಂದಿನ ಹಾಡುಗಳನ್ನೂ ಅದೇ ಖಾತೆಗೆ ಬರೆದುಬಿಟ್ಟಿತು.

ಶ್ರೀನಿವಾಸ್ ತಲೆಗೆ ಪೇಟ, ಜೇಬಿನ ತುಂಬ ಪೆನ್ನು. ಗುರುತು ಹಿಡಿಯೋಕೆ ಅಷ್ಟು ಸಾಕು. ಆದರೆ ಹಾಡಿನ ಹೊತ್ತಿಗೆ ಪರದೆ ಮೇಲೆ ಇದ್ದದ್ದು ಬೇರೆ ಮುಖ. 2013ರಲ್ಲಿ ಅವರು ಹೋದರು. ದನಿ ಇನ್ನೂ ಇದೆ. ಕೇಳಿದಾಗ ಹೆಸರು ಹೇಳೋದಷ್ಟೇ ನಮ್ಮ ಪಾಲಿನ ಕೆಲಸ.